ಕಂಬ ನೋಡಲು ಬಂದ ಗಂಡು

ಹೆಣ್ಣು ನೋಡಲು ಬಂದ ಗಂಡು ಕಂಬ ನೋಡಿಕೊಂಡು ಹೋದನಂತೆ ಎಂದು ಸಿಂಗಾಪುರ ಹಳ್ಳಿಯೆಲ್ಲ ನಕ್ಕಿತು.

ನಡೆದದ್ದೂ ಹಾಗೆಯೇ. ರಾಮಲಕ್ಷ್ಮಮ್ಮ ಪಡಸಾಲೆಯ ಮರದ ಕಂಬಕ್ಕೆ ಒರಗಿ ತಲೆ ತಗ್ಗಿಸಿ ನಿಂತಿದ್ದಳು. ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಅಶ್ವತ್ಥಪ್ಪ ಕಾಫಿ ಲೋಟ ಹಿಡಿದು ಎದುರಿಗೆ ಕೂತಿದ್ದ. ಇದ್ದಕ್ಕಿದ್ದಂತೆ ಎದ್ದು ಬಂದು ಅವಳ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತ. ಕಂಬದ ಬುಡದಲ್ಲಿ ಉದುರಿದ್ದ ಮರದ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು, "ಒಳಗೆ ಹುಳ ಇದೆ. ಜೀವಂತ ಇದೆ!" ಎಂದ.

ಅವಳ ಅಪ್ಪ ಮುನಿಯಲ್ಲಪ್ಪನ ಮುಖ ಕಪ್ಪಿಟ್ಟಿತು. ಬಂದವರು ಹೋದ ಮೇಲೆ ಗುಡುಗಿದ: "ನಮ್ ಮನೆಗೆ ಉಳ ಇಡ್ದೈತೆ ಅಂತಾನಲ್ಲ! ಈ ಸಂಬಂದ ಬ್ಯಾಡ."

ಹೆರಿಗೆಯಲ್ಲೇ ಹೆಂಡತಿಯನ್ನು ಕಳೆದುಕೊಂಡು ಮಗಳನ್ನು ಒಬ್ಬನೇ ಸಾಕಿದವನು ಅವನು. ಬಂದ ಗಂಡುಗಳಲ್ಲೆಲ್ಲ ಏನಾದರೊಂದು ಕೊಂಕು ಅವನಿಗೆ ಸಿಕ್ಕೇ ಸಿಗುತ್ತಿತ್ತು. ಮರುವಾರವೇ ಆ ಕಂಬ ಕೀಳಿಸಿ ಕಲ್ಲಿನದು ನಿಲ್ಲಿಸಿದ.

ರಾಮಲಕ್ಷ್ಮಮ್ಮನಿಗೂ ಸಿಟ್ಟಿತ್ತು. ಆದರೆ ಬೇರೆ ಸಿಟ್ಟು. ಆ ಮನುಷ್ಯ ತನ್ನನ್ನು ನೋಡಿದನೋ ಇಲ್ಲವೋ?

ಸೋದರತ್ತೆ ಮುನಿಕೆಂಪಮ್ಮನ ಎಮ್ಮೆ ಮೇವು ಬಿಟ್ಟಾಗ, ಹೆಬ್ಬಾಳದ ದನದ ಆಸ್ಪತ್ರೆಗೆ ಹೊಡೆದುಕೊಂಡು ಹೋಗಲು ತಾನೂ ಬರುತ್ತೇನೆಂದು ಹೊರಟಳು. ಸೆರಗಿನ ಗಂಟಿನಲ್ಲಿ ಹಳೆಯ ಕಂಬದ ಒಂದು ತುಂಡಿತ್ತು. ಅತ್ತೆಯನ್ನು ಎಮ್ಮೆಯ ಹತ್ತಿರ ಬಿಟ್ಟು, ಕೃಷಿ ಕಾಲೇಜು ಕೇಳಿಕೊಂಡು ಹೋದಳು.

ಅವಳನ್ನು ಕಂಡು ಅಶ್ವತ್ಥಪ್ಪ ಎದ್ದ ರಭಸಕ್ಕೆ ಸ್ಟೂಲು ಉರುಳಿತು.

"ಕಂಬ ಹೆಂಗಿತ್ತು ಸಾರ್? ಒಪ್ಪಿಗೆ ಆಯ್ತಾ?"

ಅವನ ಕಿವಿ ಕೆಂಪಾಯಿತು. ತುಂಡನ್ನು ಮೇಜಿನ ಮೇಲಿಟ್ಟಳು. ಅವನು ಅದನ್ನು ಜೋಪಾನವಾಗಿ ಸೀಳಿ ಹುಳು ತೆಗೆದ. ಏನೇನೋ ಮಾಡಿ, ಕೊನೆಗೆ ಮೈಕ್ರೋಸ್ಕೋಪನ್ನು ಅವಳ ಕಡೆ ತಿರುಗಿಸಿದ.

ಬೆಳಕಿನಲ್ಲಿ ಸಣ್ಣ ಸಣ್ಣ ಮಣಿಗಳು. ಒಂದರ ಮೈಮೇಲೆ ಇನ್ನೊಂದು ಮೊಗ್ಗಿನಂತೆ ಮೂಡಿತ್ತು.

"ಯೀಸ್ಟು. ಬ್ರೆಡ್ ಉಬ್ಬಿಸ್ತಾರಲ್ಲ, ಆ ಕುಲದ್ದು. ಬರೀ ಮರ ತಿಂದು ಹುಳ ಬದುಕಲ್ಲ ಕಣ್ರೀ, ಹೊಟ್ಟೇಲಿ ಇವು ಇರ್ಬೇಕು."

"ಹುಳಕ್ಕೆ ಎಲ್ಲಿಂದ ಬಂತು?"

"ತಾಯಿ ಮೊಟ್ಟೆ ಇಡೋವಾಗ ಮೇಲೆ ಸವರಿರುತ್ತೆ. ಮರಿ ಆ ಸಿಪ್ಪೆ ಕಡ್ಕೊಂಡೇ ಈಚೆ ಬರುತ್ತೆ. ತಾಯಿ ಮುಖಾನೇ ಅದು ನೋಡಿರಲ್ಲ. ಆದ್ರೂ ಬದುಕಕ್ಕೆ ಬೇಕಾದ್ದು ಸಿಕ್ಕಿರುತ್ತೆ."

ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ.

"ತಪ್ಪು ಮಾತಾಡಿದ್ನಾ?" ಅವನ ದನಿ ಇಳಿದಿತ್ತು.

"ಇಲ್ಲ. ಇನ್ನೊಂದ್ ಸಲ ಹೇಳಿ."

ಅವನು ಮತ್ತೆ ಹೇಳಿದ, ಇನ್ನೂ ಮೆಲ್ಲಗೆ. ಅವಳು ತಲೆ ಎತ್ತಿದಾಗ ರೆಪ್ಪೆ ಒದ್ದೆಯಾಗಿತ್ತು. ತುಟಿಯ ಮೇಲೆ ನಗೆಯೂ ಇತ್ತು.

"ಅವತ್ತು ನನ್ನ ನೋಡಿದ್ರಾ, ಇಲ್ವಾ?"

"ನೋಡ್ದೆ. ನೋಡಿದ್ದಕ್ಕೇ ಕೈ ನಡುಗ್ತು. ಕಾಫಿ ಚೆಲ್ಲುತ್ತೆ ಅಂತ ಕಣ್ಣು ಕೆಳಗೆ ಹಾಕ್ದೆ, ಅಲ್ಲಿ ಪುಡಿ ಕಾಣ್ತು. ಹುಳದ ವಿಷಯ ಆದ್ರೆ ನಂಗೆ ಮಾತು ಬರುತ್ತೆ. ಹೆಣ್ಮಕ್ಕಳ ಹತ್ರ ಬರಲ್ಲ."

"ಈಗ ಬಂತಲ್ಲ."

"ಬಂತು," ಎಂದ ಅವನು, ತನಗೇ ಆಶ್ಚರ್ಯವಾದಂತೆ. "ನೀವು ಒಪ್ಪಿದ್ರೆ ದಿನಾ ಬರುತ್ತೆ."

ಅಂದು ಸಂಜೆ ಅಪ್ಪನ ತಟ್ಟೆಗೆ ಮುದ್ದೆ ಇಡುತ್ತಾ ರಾಮಲಕ್ಷ್ಮಮ್ಮ ನೇರವಾಗಿ ಹೇಳಿದಳು: "ಅಪ್ಪ, ಮದ್ವೆ ಆದ್ರೆ ಆ ಹೆಬ್ಬಾಳದೋರನ್ನೇ."

ಮುನಿಯಲ್ಲಪ್ಪ ಮುದ್ದೆ ಮುರಿಯಲಿಲ್ಲ. "ನೀನ್ ಒಂಟೋದ್ರೆ ಈ ಮನೇಲಿ ನಂಗ್ಯಾರವ್ವ ಅವ್ರೆ?" ಎಂದ. ಇಷ್ಟು ವರ್ಷಗಳ ಕೊಂಕುಗಳ ಹಿಂದೆ ಇದ್ದದ್ದು ಇಷ್ಟೇ.

"ಹೆಬ್ಬಾಳ ಏನು ಕಾಶಿನಾ ಅಪ್ಪ?" ಎಂದಳು.

ಬೆಳಿಗ್ಗೆ ಅವನು ಯಾರಿಗೂ ಹೇಳದೆ ಸೈಕಲ್ ಹತ್ತಿ ಹೋದ. ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತಾ ಬಂದು ಜಗಲಿಯ ಮೇಲೆ ಕೂತ.

"ಎಬ್ಬಾಳ ಎರಡ್ ಬೀಡಿ ಸೇದೋಷ್ಟು ದೂರ, ಅಷ್ಟೇಯ," ಎಂದ. "ನಿಮ್ಮನೆಗೆ ನಾನು ದಿನಾ ಬಂದ್ರೂ ಆ ಉಡ್ಗ ಬ್ಯಾಸರ ಮಾಡ್ಕೊಳಲ್ವಂತೆ. ಕೇಳ್ಕೊಂಡೇ ಬಂದೆ."