ನಾಲ್ಕನೇ ಪ್ರಶ್ನೆಗೆ ಎಷ್ಟು ಮಾರ್ಕ್ಸ್?

“ಡಾಕ್ಟ್ರು ಎಲ್ಲವ್ವಾ?” ಯರ್ರಪ್ಪ ತಾತ ಮೂರನೇ ಸಲ ಕೇಳಿದ.

ಶೃತಿ ರಸ್ತೆಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಜೀಪಿನ ಸುಳಿವೇ ಇಲ್ಲ.

ಸಿದ್ದಾಪುರದ ಹುಣಸೆಮರದ ಕೆಳಗೆ ಎಪ್ಪತ್ತು ಕುರಿಗಳು ನಿಂತಿದ್ದವು. ನಲವತ್ತೆರಡು ಅವಳ ತಾತ ಬೊಮ್ಮಣ್ಣನವು. ಉಳಿದವು ಪಕ್ಕದ ಮನೆಯ ಯರ್ರಪ್ಪ ತಾತನವು. ಜಟಿಂಗ ರಾಮೇಶ್ವರದ ಬೆಟ್ಟದ ಆಚೆ ಮೇಯುತ್ತಿದ್ದ ಮಂದೆಗಳನ್ನು ಇಬ್ಬರೂ ನಸುಕಿಗೇ ಎಬ್ಬಿಸಿ ನಡೆಸಿಕೊಂಡು ಬಂದಿದ್ದರು. ಶುಕ್ರವಾರ ಇಲ್ಲಿ ಕುರಿಗಳಿಗೆ ಲಸಿಕೆ ಕ್ಯಾಂಪ್ ಇದೆ ಎಂದು ಹೇಳಿದವಳು ಶೃತಿ. ಅದನ್ನು ನೋಡಬೇಕೆಂದು ಆರನೇ ಕ್ಲಾಸಿನ ಈ ಹುಡುಗಿ ಸ್ಕೂಲಿಗೆ ಚಕ್ಕರ್ ಬೇರೆ ಹೊಡೆದಿದ್ದಳು.

ಟೀ ಅಂಗಡಿಯ ಅಜ್ಜಪ್ಪ ಲೋಟ ತೊಳೆಯುತ್ತಾ ಕೂಗಿದ. “ಯಾರಿಗೆ ಕಾಯ್ತಿದೀರಿ?”

“ಲಸಿಕೆ ಡಾಕ್ಟ್ರಿಗೆ” ಎಂದಳು ಶೃತಿ.

“ಲಸಿಕೆ ಹೋದ ತಿಂಗಳೇ ಆಗೋಯ್ತಲ್ಲ! ನಿಮ್ಮ ಮಂದೆ ಆವಾಗ ಗುಡ್ಡದಾಚೆ ಇತ್ತು.”

ಶೃತಿಯ ಮುಖ ಸಪ್ಪಗಾಯಿತು. “ಇಲ್ಲ ತಾತ, ನಾನು ಕಂಪ್ಯೂಟರ್‌ನಾಗೆ ಓದೀನಿ. ಬರುವ ಶುಕ್ರವಾರ ಅಂತ ಐತೆ. ಪಕ್ಕದಾಗೆ ‘ಹೊಸದು’ ಅಂತ ಕೆಂಪಗೆ ಮಿಂಚ್ತಿತ್ತು!”

“ಅಯ್ಯೋ ದೇವುಡಾ!” ಯರ್ರಪ್ಪ ತಾತ ತಲೆ ಚಚ್ಚಿಕೊಂಡ. “ಕಂಪ್ಯೂಟರ್ ಹುಡ್ಗಿ ಮಾತು ಕೇಳಿ ಬಂದ್ನಲ್ಲ, ನನಗೆ ಬುದ್ಧಿ ಇಲ್ಲ. ಇನ್ನೊಂದು ಸಲ ಕೇಳಿದ್ರೆ ನೋಡು!”

“ಸುಮ್ನಿರಲೇ ಯರ್ರ. ಮಗು ಓದಿದ್ದು ಹೇಳೈತೆ” ಎಂದ ಬೊಮ್ಮಣ್ಣ ತಾತ.

ತಾತ ಬೈದಿದ್ದರೇ ವಾಸಿಯಿತ್ತು. ಬೈಯಲಿಲ್ಲವಲ್ಲ, ಶೃತಿಗೆ ಅಳು ಬಂತು. ತಾನು ಓದಿದ್ದು ತಪ್ಪೇ? ಎರಡೆರಡು ಸಲ ಓದಿದ್ದಳಲ್ಲ!

ಅಷ್ಟರಲ್ಲಿ ಎರಡೂ ಮಂದೆಗಳು ಬೆರೆತುಹೋಗಿದ್ದವು. ಆದರೆ ತಾತಂದಿರು ಗಾಬರಿಯಾಗಲಿಲ್ಲ. ಬೊಮ್ಮಣ್ಣ ತಾತನ ಕುರಿಗಳ ತೊಡೆಯ ಮೇಲೆ ಕೆಮ್ಮಣ್ಣಿನ ಪಟ್ಟೆ. ಯರ್ರಪ್ಪ ತಾತನ ಕುರಿಗಳ ಕತ್ತಿನ ಮೇಲೆ ನೀಲಿ ಬಣ್ಣ. ಪಟ್ಟೆಯವು ಈ ಕಡೆ, ನೀಲಿಯವು ಆ ಕಡೆ. ಹತ್ತೇ ನಿಮಿಷದಲ್ಲಿ ಮಂದೆಗಳು ಬೇರೆಯಾಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟವು.

ಮರುದಿನ ಶನಿವಾರ. ಬೆಳಗಿನ ಸ್ಕೂಲು ಮುಗಿದದ್ದೇ ಶೃತಿ ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿಗೆ ಓಡಿದಳು. ಅದು ಸಂಗಮೇಶಣ್ಣನ ಅಂಗಡಿ. ಅವನು ತಾಲ್ಲೂಕಿನ ಸುದ್ದಿಗಾಗಿಯೇ ಒಂದು ವೆಬ್‌ಸೈಟ್ ಮಾಡಿದ್ದ. ಬುಧವಾರ ಅವಳು ಲಸಿಕೆ ಸುದ್ದಿ ಓದಿದ್ದು ಅದರಲ್ಲೇ.

ಒಳಗೆ ಅವಳ ಕ್ಲಾಸಿನ ನಾಲ್ಕು ಮಕ್ಕಳು ಆಗಲೇ ಕೂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಹಾಳೆ.

“ಬಾಮ್ಮ ಶೃತಿ, ಸರಿಯಾದ ಟೈಮಿಗೆ ಬಂದೆ!” ಸಂಗಮೇಶಣ್ಣ ಅವಳಿಗೂ ಒಂದು ಹಾಳೆ ಕೊಟ್ಟ. “ಯಾವಾಗ್ಲೂ ನಿಮಗೇ ಮಾರ್ಕ್ಸ್ ಹಾಕ್ತಾರಲ್ಲ, ಇವತ್ತು ನೀವು ನನ್ನ ವೆಬ್‌ಸೈಟಿಗೆ ಹಾಕ್ರಿ. ಒಂದೊಂದು ಪ್ರಶ್ನೆಗೂ ಹತ್ತು ಮಾರ್ಕ್ಸು.”

ಶೃತಿ ಓದಿದಳು. ಒಂದು, ಬಣ್ಣ ಚೆನ್ನಾಗಿದೆಯೇ? ಎರಡು, ಅಕ್ಷರ ಓದಲು ಬರುತ್ತದೆಯೇ? ಮೂರು, ಚಿತ್ರಗಳು ಹೇಗಿವೆ? ನಾಲ್ಕು, ಬೇಕಾದ ಸುದ್ದಿ ಸುಲಭವಾಗಿ ಸಿಗುತ್ತದೆಯೇ?

“ಎಲ್ಲಾದಕ್ಕೂ ಹತ್ತು ಹಾಕೇ” ಎಂದು ಪಕ್ಕದಲ್ಲಿದ್ದ ದೀಪಿಕಾ ಪಿಸುಗುಟ್ಟಿದಳು. ಸಂಗಮೇಶಣ್ಣ ಅವಳ ಸೋದರಮಾವ. “ಮಾಮ ಮೂರು ತಿಂಗ್ಳು ಕೂತು ಮಾಡೈತೆ. ಕಮ್ಮಿ ಹಾಕಿದ್ರೆ ಬೇಜಾರಾಗ್ತೈತೆ.”

ಶೃತಿ ವೆಬ್‌ಸೈಟ್ ತೆರೆದಳು. ತಕ್ಷಣ ಓಲಗದ ಸದ್ದು ಜೋರಾಗಿ ಶುರುವಾಗಿ ಅವಳು ಬೆಚ್ಚಿದಳು. ‘ಸುಸ್ವಾಗತ’ ಗಿರಗಿರ ತಿರುಗಿತು. ಸುತ್ತಲೂ ರೇಷ್ಮೆ ಸೀರೆಯ ಅಂಚಿನಂಥ ಬಾರ್ಡರ್, ನೋಡಲು ಎಷ್ಟು ಚಂದ! ಮೊದಲ ಪ್ರಶ್ನೆಗೆ ಖುಷಿಯಿಂದಲೇ ಹತ್ತು ಹಾಕಿದಳು.

ಆಮೇಲೆ ಲಸಿಕೆ ಸುದ್ದಿ ಹುಡುಕಿದಳು. ಸುದ್ದಿಗಳು ಕೆಳಗಿನಿಂದ ಮೇಲಕ್ಕೆ ಹರಿಯುತ್ತಿದ್ದವು. ಒಂದನ್ನು ಓದಿ ಮುಗಿಸುವಷ್ಟರಲ್ಲಿ ಅದು ಮೇಲೆ ಹೋಗಿ ಮಾಯ. ಮತ್ತೆ ಕಾಯಬೇಕು. ಕೊನೆಗೂ ಅದು ಬಂತು. ‘ಬರುವ ಶುಕ್ರವಾರ ಸಿದ್ದಾಪುರದಲ್ಲಿ ಕುರಿಗಳಿಗೆ ಲಸಿಕೆ. ಹೊಸದು!’

ಅವಳಿಗೆ ತಲೆಯೇ ಕೆಟ್ಟಿತು. ಶುಕ್ರವಾರ ನಿನ್ನೆಯೇ ಮುಗಿದಿದೆ. ಹಾಗಾದರೆ ಕ್ಯಾಂಪ್ ಮುಂದಿನ ಶುಕ್ರವಾರವೇ? ಅಜ್ಜಪ್ಪ ಹೋದ ತಿಂಗಳು ಅಂದನಲ್ಲ? ಯಾರು ಹೇಳಿದ್ದು ಸರಿ?

ಅದರ ಹಿಂದೆಯೇ ಇನ್ನೊಂದು ಸುದ್ದಿ ಹರಿದು ಬಂತು. ‘ನಾಳೆ ಗಣೇಶ ವಿಸರ್ಜನೆ. ಹೊಸದು!’

ಗಣೇಶ ವಿಸರ್ಜನೆ? ಬೀದಿಯಲ್ಲಿ ಆಗಲೇ ದೀಪಾವಳಿ ಪಟಾಕಿ ಅಂಗಡಿಗಳು ಎದ್ದಿದ್ದವು! ಶೃತಿ ಒಂದೊಂದೇ ಸುದ್ದಿ ನೋಡುತ್ತಾ ಹೋದಳು. ಎಲ್ಲದರ ಪಕ್ಕದಲ್ಲೂ ಕೆಂಪು ‘ಹೊಸದು’ ಮಿಂಚುತ್ತಿತ್ತು. ತಾರೀಕು ಮಾತ್ರ ಒಂದರಲ್ಲೂ ಇರಲಿಲ್ಲ.

ಎಲ್ಲರೂ ಹಾಳೆ ಕೊಟ್ಟರು. ಶೃತಿಯ ಹಾಳೆ ನೋಡಿ ಸಂಗಮೇಶಣ್ಣ ಕೇಳಿದ. “ನಾಲ್ಕನೇದು ಯಾಕಮ್ಮ ಖಾಲಿ ಬಿಟ್ಟೆ?”

“ಎಷ್ಟು ಹಾಕ್ಬೇಕು ಅಂತ ಗೊತ್ತಾಗ್ಲಿಲ್ಲಣ್ಣ.”

“ನಿಂಗೆ ಎಷ್ಟು ಅನ್ಸಿತೋ ಅಷ್ಟು.”

ದೀಪಿಕಾ ಮೊಣಕೈಯಿಂದ ತಿವಿದಳು. ಆದರೂ ಶೃತಿಗೆ ಮಾತು ತಾನಾಗಿ ಬಂತು.

“ಅಣ್ಣ, ಊರಿನ ಕುರಿಗೆಲ್ಲಾ ಒಂದೇ ಕೆಂಪು ಪಟ್ಟೆ ಬಳಿದ್ರೆ, ನಮ್ಮ ಕುರಿ ಯಾವ್ದು ಅಂತ ಹೆಂಗೆ ಗೊತ್ತಾಗ್ತೈತೆ?”

ಮಕ್ಕಳು ಗೊಳ್ಳೆಂದು ನಕ್ಕರು. ಸಂಗಮೇಶಣ್ಣನೂ ನಗಲು ಹೊರಟವನು ಅವಳ ಮುಖ ನೋಡಿ “ಏನಾಯ್ತಮ್ಮ?” ಎಂದ. ಶೃತಿ ಎಲ್ಲವನ್ನೂ ಹೇಳಿದಳು. ಹುಣಸೆಮರ, ಎಪ್ಪತ್ತು ಕುರಿ, ಬಾರದ ಡಾಕ್ಟರು, ಯರ್ರಪ್ಪ ತಾತನ ಬೈಗುಳ, ಬೈಯದೇ ಇದ್ದ ಬೊಮ್ಮಣ್ಣ ತಾತ.

ಸಂಗಮೇಶಣ್ಣ ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟ.

“ಎಪ್ಪತ್ತು ಕುರೀನ ಬೆಟ್ಟದಾಚೆಯಿಂದ ನಡೆಸ್ಕೊಂಡು ಬಂದ್ರಾ?”

“ಹ್ಞೂಂ.”

“ಹೊಸದು ಅಂತ ಹಾಕೋದು ನೆನಪಿತ್ತು ನೋಡು, ತೆಗೆಯೋದು ಹೊಳೀಲೇ ಇಲ್ಲ.” ಅವನು ತಲೆ ಕೆರೆದುಕೊಂಡ. “ನೀನು ಓದಿದ್ದು ತಪ್ಪಲ್ಲಮ್ಮ. ನಾನು ಹಾಕಿದ್ದು ತಪ್ಪು.”

ಶೃತಿ ನಿನ್ನೆಯಿಂದ ಬಿಗಿಹಿಡಿದಿದ್ದ ಉಸಿರು ಈಗ ಹೊರಬಂತು.

ಅವನು ಆಗಲೇ ಪಶು ಆಸ್ಪತ್ರೆಗೆ ಫೋನ್ ಮಾಡಿದ. ಬಿಟ್ಟುಹೋದ ಕುರಿಗಳಿಗೆ ಗುರುವಾರ, ಹದಿನೈದನೇ ತಾರೀಕು, ಅದೇ ಮರದ ಹತ್ತಿರ ಇನ್ನೊಂದು ಕ್ಯಾಂಪ್ ಇತ್ತು. ಶೃತಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

“ಈ ಹಾಳೆ ನಿನ್ನತ್ರನೇ ಇರ್ಲಿ” ಎಂದ ಸಂಗಮೇಶಣ್ಣ. “ರಿಪೇರಿ ಮಾಡ್ತೀನಿ. ಬುಧವಾರ ಬಂದು ನೋಡಿ ಮಾರ್ಕ್ಸ್ ಹಾಕು.”

ಬುಧವಾರ ಸುದ್ದಿಗಳು ಹರಿಯುತ್ತಿರಲಿಲ್ಲ, ಒಂದರ ಕೆಳಗೊಂದು ನಿಂತಿದ್ದವು. ಪ್ರತಿಯೊಂದರ ತಲೆಯ ಮೇಲೂ ತಾರೀಕು. ಗಣೇಶ ‘ಹಳೆಯ ಸುದ್ದಿ’ ಎಂಬ ಪುಟಕ್ಕೆ ಹೋಗಿದ್ದ. ‘ಹೊಸದು’ ಎಂದು ಇದ್ದದ್ದು ಒಂದೇ ಒಂದಕ್ಕೆ, ಲಸಿಕೆ ಸುದ್ದಿಗೆ. ಓಲಗ ಮಾತ್ರ ಮೊದಲಿನಂತೆಯೇ ಬೆಚ್ಚಿಬೀಳಿಸಿತು.

ಶೃತಿ ಹಾಳೆ ತೆಗೆದು ನಾಲ್ಕನೇ ಪ್ರಶ್ನೆಯ ಮುಂದೆ ಒಂಬತ್ತು ಎಂದು ಬರೆದಳು. ಆಮೇಲೆ ಅದನ್ನು ಹೊಡೆದು ಎಂಟು ಮಾಡಿದಳು.

“ಎಂಟೇನಾ?” ಎಂದ ಸಂಗಮೇಶಣ್ಣ.

“ಓಲಗ ಇನ್ನೂ ಐತಲ್ಲಣ್ಣ.”

ಸಂಗಮೇಶಣ್ಣ ಜೋರಾಗಿ ನಕ್ಕ. ಬೇಜಾರಾದವನ ಹಾಗೆ ಕಾಣಲಿಲ್ಲ. ದೀಪಿಕಾಗೆ ಹೇಳಬೇಕು ಎಂದುಕೊಂಡಳು ಶೃತಿ.

ಗುರುವಾರ ಸ್ಕೂಲು ಮುಗಿಸಿ ಅವಳು ಬಸ್ಸಿಳಿಯುವಾಗ ಜೀಪು ಹುಣಸೆಮರದ ಕೆಳಗೇ ನಿಂತಿತ್ತು. ಕೊನೆಯ ನಾಲ್ಕು ಕುರಿಗಳಿಗೆ ಸೂಜಿ ಚುಚ್ಚುತ್ತಿದ್ದರು. ಬೊಮ್ಮಣ್ಣ ತಾತ ಅವಳನ್ನು ನೋಡಿ ಕಣ್ಣು ಮಿಟುಕಿಸಿದ.

ಯರ್ರಪ್ಪ ತಾತ ಕುರಿಯ ಕಾಲು ಹಿಡಿದುಕೊಂಡು, ಅವಳ ಕಡೆ ನೋಡದೆಯೇ ಕೇಳಿದ. “ಮುಂದಿನ ಲಸಿಕೆ ಯಾವಾಗಂತವ್ವಾ? ನಿನ್ನ ಕಂಪ್ಯೂಟರ್‌ನಾಗೆ ಒಂಚೂರು ನೋಡ್ಕೊಂಡು ಬಾ.”

“ನೋಡ್ತೀನಿ ತಾತ” ಎಂದಳು ಶೃತಿ. “ತಾರೀಕು ಹಾಕಿದ್ರೆ ಮಾತ್ರ ಬಂದು ಹೇಳ್ತೀನಿ.”