ನಂಜಪ್ಪನ ವಠಾರದ ಫೋಲ್ಡರ್

೨೦೧೫ರ ಜುಲೈ ೧೩, ಸೋಮವಾರ, ಬೆಳಿಗ್ಗೆ ೧೦.೪೦. ಗಾರೆ ಕೆಲಸದ ಶೇಖವ್ವ ಹೂಡಿ ಬಡಾವಣೆಯಿಂದ ನಡೆದೇ ಠಾಣೆಗೆ ಬಂದಿದ್ದಳು. ಹೆಡ್ ಕಾನ್‌ಸ್ಟೆಬಲ್ ರೇವಣಸಿದ್ದ ದೂರು ಕೇಳಿ ತಲೆ ಕೆರೆದುಕೊಂಡ. ಫೋಟೋ ಕಾಣೆಯಾದರೆ ಯಾವ ಕಲಂ ಹಾಕುವುದು?

"ಫೋನಿನ ಕಾರ್ಡಿನ್ಯಾಗ ಹಾಡಿಗೆ ಜಾಗ ಇಲ್ಲಂತ ಮೊಬೈಲ್ ಅಂಗಡಿ ಶ್ಯಾಮಣ್ಣ ನಮ್ಮ ಫೋಟೋ ತಗದು ತನ್ನ ಕಂಪ್ಯೂಟರಿನ್ಯಾಗ ಇಟ್ಕೊಂಡಿದ್ದ್ರಿ. ನಿನ್ನಿ ಕೇಳಿದ್ರ ಇಲ್ಲ ಅಂತಾನ. ಸತ್ತ ಕೂಸಿಂದು ಅದೊಂದ ಫೋಟೋ ಇತ್ರೀ. ಮುಂದಿನ ಸೋಮವಾರಕ್ಕ ವರ್ಷ ತುಂಬತದ."

ಒಳಗಿನಿಂದ ಬಂದ ಇನ್‌ಸ್ಪೆಕ್ಟರ್ ಶಿವಗಂಗಾ, "ಹುಡುಕಿಕೊಡ್ತೀನಿ, ಅಳಬೇಡಿ" ಎಂದುಬಿಟ್ಟರು. ಹೇಳಿದ ಮೇಲೆ ದುಡುಕಿದೆನೇನೋ ಎನಿಸಿತು. ಅಳಿಸಿದ ಜಾಗದಲ್ಲಿ ಹೊಸ ಫೈಲ್ ಬಂದು ಕೂತರೆ ಹಳೆಯದು ಮತ್ತೆ ಸಿಗುವುದಿಲ್ಲ. ಸೈಬರ್ ತರಬೇತಿಯಲ್ಲಿ ಕಲಿತದ್ದರಲ್ಲಿ ಇದೊಂದು ಚೆನ್ನಾಗಿ ನೆನಪಿತ್ತು.

೧೧.೨೫ಕ್ಕೆ ಜೀಪು ಅಂಗಡಿ ಮುಂದೆ ನಿಂತಿತು. ಸುತ್ತಲಿನ ಕೂಲಿಯವರೆಲ್ಲ ಭಾನುವಾರ ಮೆಮೊರಿ ಕಾರ್ಡಿಗೆ ಹಾಡು, ನಾಟಕ, ಸಿನಿಮಾ ತುಂಬಿಸಿಕೊಳ್ಳುವುದು ಇಲ್ಲೇ. ಕಂಪ್ಯೂಟರಿನಲ್ಲಿ ಹಾಡು, ಸಿನಿಮಾ ಪುಕ್ಕಟೆ ಹುಡುಕಿ ಇಳಿಸಿಕೊಳ್ಳುವ ಟೊರೆಂಟ್ ತಂತ್ರಾಂಶ ತೆರೆದಿತ್ತು. ಒಂದಲ್ಲ, ಮೂರು ಸಿನಿಮಾ ಇಳಿಯುತ್ತಿದ್ದವು.

"ಅಯ್ಯೋ, ನಿಲ್ಲಿಸ್ರೀ ಅದನ್ನ!" ಶಿವಗಂಗಾ ತಾವೇ ಬಗ್ಗಿ ವೈರು ಕಿತ್ತರು.

"ಮೇಡಂ, ತೊಂಬತ್ತು ಪರ್ಸೆಂಟ್ ಆಗಿತ್ತು..." ಶ್ಯಾಮಣ್ಣ ಗೋಗರೆದ.

"ಬಾಯಿ ಮುಚ್ಚಿ. ಫೋಟೋ ಯಾವಾಗ ಹೋದ್ವು?"

"ಶನಿವಾರ ಬೆಳಿಗ್ಗೆ ಇದ್ವು ಮೇಡಂ."

"ಅವತ್ತು ಕಂಪ್ಯೂಟರ್‌ಗೆ ಏನ್ ಮಾಡಿದ್ರಿ?"

"ಟೊರೆಂಟಲ್ಲಿ ಸರ್ಚ್ ಕೆಟ್ಟಿತ್ತು. ಏನ್ ಹುಡುಕಿದ್ರೂ ಸೊನ್ನೆ. ಹಾಡು ತಡ ಆಗುತ್ತೆ ಅಂತ ಬೋರ್ಡ್ ಹಾಕಿದ್ದೆ. ಅದನ್ನ ನೋಡಿ ಯಾರೋ ಫೋನ್ ಮಾಡಿ, ಮೊದ್ಲು ಪೈಥಾನ್ ಹಾಕಿ, ಆಮೇಲೆ ಈ ಲಿಂಕಿಂದ ಸರ್ಚ್ ಪ್ಲಗಿನ್ ಹಾಕಿ ಅಂದ. ಹಾಕ್ದೆ. ಸಕ್ಕತ್ತಾಗಿ ಓಡ್ತು ಮೇಡಂ!"

ಓಡದೆ ಏನು! ಪ್ಲಗಿನ್ ಅಂದರೆ ಪೈಥಾನ್ ಭಾಷೆಯಲ್ಲಿ ಬರೆದಿಟ್ಟ ಪುಟ್ಟ ಆಜ್ಞೆಗಳ ಪಟ್ಟಿ. ಹಾಡು ಹುಡುಕು ಎಂದು ಬರೆದವನು ಕೆಳಗೆ ಇನ್ನೆರಡು ಸಾಲು ಸೇರಿಸಿದರೆ ಕಂಪ್ಯೂಟರು ಅದನ್ನೂ ಮರುಮಾತಿಲ್ಲದೆ ಮಾಡಿ ಮುಗಿಸುತ್ತದೆ.

"ಮತ್ತೆ ಫೋನ್ ಬಂತಾ?"

"ನಿನ್ನೆ ಸಾಯಂಕಾಲ ಏಳಕ್ಕೆ. ಅದು ಸರಿಯಿಲ್ಲ, ಇದನ್ನ ಹಾಕಿ ಅಂತ ಬೇರೆ ಲಿಂಕ್ ಕೊಟ್ಟ. ಹಾಕೋಕೆ ಹೋದ್ರೆ, ಇದಕ್ಕಿಂತ ಹೊಸ ವರ್ಷನ್ ಆಗ್ಲೇ ಇದೆ ಅಂತ ಬಂತು. ಓದಿ ಹೇಳ್ದೆ. ಗಿರಾಕಿಗಳು ಜಾಸ್ತಿ ಇದ್ರು, ಫೋನ್ ಇಟ್ಬಿಟ್ಟೆ."

"ಈ ಮಾತು ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ ಮೇಡಂ."

"ಹೇಳ್ಬೇಡಿ."

ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಎರಡೂ ಕರೆಗಳು ಹೂಡಿಯ ಕಾಯಿನ್ ಫೋನುಗಳಿಂದ ಬಂದಿದ್ದವು. ಆ ದಾರಿ ಅಲ್ಲಿಗೆ ಮುಗಿಯಿತು. ಮಧ್ಯಾಹ್ನ ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ, ಡಿಸ್ಕಿನ ಪ್ರತಿ ತೆಗೆಸಿ, ಮೂಲವನ್ನು ಸೀಲ್ ಮಾಡಿದರು.

ಪ್ರತಿಯನ್ನು ನೋಡಿದಾಗ ಒಂದು ಸಂಗತಿ ಕಂಡಿತು. ಶ್ಯಾಮಣ್ಣ ಫೋಟೋಗಳನ್ನು ಗಿರಾಕಿಯ ಹೆಸರಲ್ಲಿ ಇಡುತ್ತಿರಲಿಲ್ಲ. ಕೂಲಿಯವರು ಇವತ್ತು ಬಂದು ನಾಳೆ ಹೋಗುವವರು, ಅವರ ಹೆಸರು ಯಾರಿಗೆ ನೆನಪು? ಬಾಡಿಗೆ ಮನೆಯ ಮಾಲೀಕನ ಹೆಸರಲ್ಲಿ, ವಠಾರಕ್ಕೊಂದು ಫೋಲ್ಡರ್. ಇಪ್ಪತ್ಮೂರರಲ್ಲಿ ಇಪ್ಪತ್ತೆರಡು ಹಾಗೇ ಇದ್ದವು. ಹೋದದ್ದು ನಂಜಪ್ಪನ ವಠಾರದ್ದೊಂದೇ. ಶೇಖವ್ವ ಇರುವುದೂ ಅಲ್ಲೇ, ಭಾನುವಾರ ಸಂಜೆ ನಲ್ಲಿಯ ಹತ್ತಿರ ಕೂತು ಗೋಳಾಡಿದ್ದೂ ಅಲ್ಲೇ. ಅದಾದ ಮೇಲೆ ಎರಡನೇ ಫೋನು. ಆ ಗೋಳು ಕೇಳಿದ ವಠಾರದವರೇ ಯಾರೋ ಮಾಡಿರಬೇಕು.

"ಹದಿನೆಂಟು ರೂಮಿದೆ ಮೇಡಂ. ಕಂಪ್ಯೂಟರ್ ಗೊತ್ತಿರೋನು ಸಿದ್ರಾಮ ಒಬ್ನೇ" ಎಂದ ಮಾಲೀಕ ನಂಜಪ್ಪ. "ಟೆಕ್ ಪಾರ್ಕಲ್ಲಿ ಕೆಟ್ಟಿರೋ ಕಂಪ್ಯೂಟರ್ ಸರಿ ಮಾಡ್ತಾನೆ. ತಂಗಿ ಸವಿತಾ ಗಾರ್ಮೆಂಟ್ಸಿಗೆ ಹೋಗ್ತಿದ್ಲು. ಯಾಕೋ ಹತ್ತು ದಿನದಿಂದ ಆ ಹುಡುಗಿ ಈಚೆಗೇ ಬಂದಿಲ್ಲ."

ಮಂಗಳವಾರ ಬೆಳಿಗ್ಗೆ ೧೦ಕ್ಕೆ ಸಿದ್ರಾಮನನ್ನು ಠಾಣೆಗೆ ಕರೆಸಿದರು. ಪಂಚರು, ಶ್ಯಾಮಣ್ಣ, ಶೇಖವ್ವ ಎಲ್ಲರೂ ಇದ್ದರು. ಮೇಜಿನ ಮೇಲೆ ಅಂಗಡಿ ಡಿಸ್ಕಿನ ಪ್ರತಿ ಹಾಕಿದ ಕಂಪ್ಯೂಟರ್ ಇತ್ತು. ಶಿವಗಂಗಾ ಅವರ ಕೈಯಲ್ಲಿ ಸಾಕ್ಷಿ ಅಂತ ಒಂದು ಚೂರೂ ಇರಲಿಲ್ಲ. ಇವನಲ್ಲ ಎಂದಾದರೆ ಆ ತಾಯಿಗೆ ಏನು ಹೇಳುವುದು?

"ಇದರಲ್ಲಿ ಟೊರೆಂಟ್ ಸರ್ಚ್ ಮತ್ತೆ ಕೆಟ್ಟಿದೆ, ಸರಿ ಮಾಡ್ತೀರಾ? ನಮ್ಮಲ್ಲಿ ಯಾರಿಗೂ ಬರಲ್ಲ."

"ನೋಡ್ತೀನ್ರಿ."

ಬೇರೆ ಯಾರೇ ಆದರೂ ಮೊದಲು ಇಂಟರ್ನೆಟ್ ಇದೆಯಾ ನೋಡುತ್ತಾರೆ, ಪೈಥಾನ್ ಇದೆಯಾ ನೋಡುತ್ತಾರೆ, ಅಪ್‌ಡೇಟ್ ಒತ್ತುತ್ತಾರೆ. ಸಿದ್ರಾಮ ಅದೊಂದನ್ನೂ ಮಾಡಲಿಲ್ಲ. ನೇರ ಪ್ಲಗಿನ್‌ಗಳ ಪಟ್ಟಿಗೆ ಹೋಗಿ, ಶನಿವಾರ ಹಾಕಿದ್ದನ್ನೇ ಹಿಡಿದು, ತೆಗೆದುಹಾಕಲು ಹೊರಟ.

"ನಿಲ್ಲಿ. ಅದನ್ನ ಯಾಕೆ ತೆಗೀತಿದ್ದೀರಿ?"

"ಇದು ಇದ್ರ ಹೊಸಾದು ಕೂಡೂದಿಲ್ರಿ. ಇದರ ವರ್ಷನ್ ನಂಬರ್ ಅದಕ್ಕಿಂತ ದೊಡ್ಡದೈತಿ."

"ಯಾವುದಕ್ಕಿಂತ? ಹೊಸದು ಅಂತ ನಾನು ಯಾವುದನ್ನೂ ನಿಮಗೆ ತೋರಿಸಿಲ್ವಲ್ಲ."

ಸಿದ್ರಾಮನ ಬೆರಳು ಮೌಸಿನ ಮೇಲೇ ನಿಂತಿತು. ಆಮೇಲೆ ಮೌಸು ಬಿಟ್ಟು, "ಶೇಖವ್ವನ ಗೋಳು ಕೇಳಿ ಫೋಟೋ ವಾಪಸ್ ತರಾಕ ಎರಡನೇದು ಬರದಿದ್ದೆ, ಗಡಿಬಿಡ್ಯಾಗ ಅದರ ನಂಬರ್ ಏರಿಸೋದು ಮರ್ತೆ" ಎಂದ. "ಫೋಟೋ ಅಳಿಸಿಲ್ರಿ. ಬ್ಯಾಕಪ್ ಇಲ್ದ ನಾ ಏನೂ ಅಳಿಸಂಗಿಲ್ಲ. ಬ್ಯಾರೆ ಹೆಸರಿಲೆ ಇದರಾಗ ಮುಚ್ಚಿಟ್ಟೀನಿ."

ತೆರೆದ. ನಾನೂರ ಹನ್ನೆರಡು ಫೋಟೋ. ಎಲ್ಲರೂ ಪರದೆಯತ್ತ ಬಗ್ಗಿದರು. ನೀಲಿ ಬಕೆಟ್ಟಿನೊಳಗೆ ಕೂತು ನಗುವ ಕೂಸು ಬಂದಾಗ ಶೇಖವ್ವ "ಯವ್ವಾ!" ಎಂದು ಸೆರಗಿನಿಂದ ಪರದೆ ಒರೆಸಿದಳು. ಶಿವಗಂಗಾ ಅವರ ಕಣ್ಣೂ ತುಂಬಿತು.

ಎಲ್ಲವನ್ನೂ ಪಂಚನಾಮೆಗೆ ಸೇರಿಸಬೇಕಿತ್ತು, ಸಿದ್ರಾಮ ಮುಂದೆ ಸರಿಸುತ್ತ ಹೋದ. ಒಂದು ಕಡೆ ಬಂದಾಗ ಥಟ್ಟನೆ ಅಂಗೈಯಿಂದ ಪರದೆ ಮುಚ್ಚಿದ.

"ಕೈ ತೆಗಿಯೋ" ಎಂದ ರೇವಣಸಿದ್ದ.

"ತಂಗೀದ್ರಿ ಸಾಹೇಬ್ರ. ಹಾಡು ಹಾಕ್ಸಾಕ ಬಂದ ಹುಡುಗ್ರಿಗೆಲ್ಲ ಈ ಶ್ಯಾಮಣ್ಣ ಅಕಿ ಫೋಟೋ ಪುಕ್ಕಟೆ ಹಾಕಿ ಕೊಟ್ಟಾನ. ಓಣ್ಯಾಗ ಅಕಿ ತಿರುಗಾಡಂಗಿಲ್ಲ. ಫೈಲ್ ಹೆಸರಿನ ಮ್ಯಾಲೆ ಅಕಿದು ಯಾವುದಂತ ತಿಳೀಲಿಲ್ಲ, ಇಡೀ ಫೋಲ್ಡರ್ ಎತ್ತಿದೆ."

"ದೂರು ಕೊಡಬಹುದಿತ್ತಲ್ಲ?" ಶಿವಗಂಗಾ ಕೇಳಿದರು.

"ಕೊಟ್ರ ಫೋಟೋ ತೋರಿಸ್ರಿ ಅಂತೀರಿ. ಆಮ್ಯಾಲೆ ಹಿಂಗ ಎಲ್ಲಾರೂ ನಿಂತು ನೋಡ್ತೀರಿ."

ಪರದೆಯತ್ತ ಬಗ್ಗಿದ್ದ ತಲೆಗಳು ಒಂದೊಂದಾಗಿ ಹಿಂದೆ ಸರಿದವು. ಶಿವಗಂಗಾ ಅವರಿಗೆ ನಾಚಿಕೆಯಾಯಿತು. ಕೈ ಚಾಚಿ ಪರದೆ ಆರಿಸಿದರು.

೧೧.೫೦ಕ್ಕೆ ಸಿದ್ರಾಮನ ಬಂಧನ ದಾಖಲಾಯಿತು. ಕಾನೂನು ಕಾನೂನೇ. ಠಾಣೆಯಲ್ಲೇ ಜಾಮೀನು ಸಿಗುವ ಕಲಂ ಎಂಬುದಷ್ಟೇ ಸಮಾಧಾನ.

ಶ್ಯಾಮಣ್ಣ ಮೆಲ್ಲಗೆ ಎದ್ದ. "ನಾನು ಹೊರಡ್ಲಾ ಮೇಡಂ? ಗಿರಾಕಿಗಳು ಕಾಯ್ತಿರ್ತಾರೆ."

"ನೀವು ಕೂತ್ಕೊಳ್ಳಿ."

ಶಿವಗಂಗಾ ಮಹಿಳಾ ಕಾನ್‌ಸ್ಟೆಬಲ್ ಬಿಂದುಶ್ರೀಯನ್ನು ಕರೆದರು. "ಯೂನಿಫಾರ್ಮ್ ಬೇಡ, ಸೀರೆ ಉಟ್ಕೊಂಡು ನಂಜಪ್ಪನ ವಠಾರಕ್ಕೆ ಹೋಗಿ. ಸವಿತಾ ಹೇಳಿದ್ದನ್ನ ಬರ್ಕೊಂಡು ಬನ್ನಿ. ಫೋಟೋ ಮಾತ್ರ ಕೇಳ್ಬೇಡಿ."