ತಾರಸಿ ಬಾಗಿಲಿನ ಚಿಲಕ

"ಊಟದ ಬೆಲ್‌ಗೆ ಮುಂಚೆ ತಾರಸಿಗೆ ಬಾ. ಒಂದ್ ಮಾತು ಹೇಳ್ಬೇಕು."

ಕಾಲರ್‌ಗಳ ಕಟ್ಟನ್ನು ಮಷಿನ್ ಪಕ್ಕ ಇಡುವ ನೆಪದಲ್ಲಿ ಸೂಪರ್‌ವೈಸರ್ ಈರೇಶ ಬಗ್ಗಿ ಹೇಳಿದ. ರೇವತಿಯ ಕೆನ್ನೆ ಬಿಸಿಯಾಯಿತು.

"ಟಾಯ್ಲೆಟ್‌ಗೇ ಟೋಕನ್ ಕೇಳೋ ಸೂಪರ್‌ವೈಸರ್ ಸಾಹೇಬ್ರು ತಾರಸಿಗೆ ಟೋಕನ್ ಕೊಡಲ್ವಾ?" ಎಂದು ಕಣ್ಣಂಚಿನಲ್ಲೇ ಕೆಣಕಿದಳು. ಯಾವಾಗಲೂ ನಗುವವನು ಆ ದಿನ ನಗಲಿಲ್ಲ. ಮದುವೆ ಮಾತೇ ಇರಬೇಕು, ಅದಕ್ಕೇ ಮುಖ ಬಿಗಿದಿದೆ ಅಂದುಕೊಂಡಳು, ಪೆದ್ದಿ!

ಕೆ.ಆರ್. ಪುರದ ಆ ಗಾರ್ಮೆಂಟ್ಸ್‌ಗೆ ಅವತ್ತು ವಿದೇಶಿ ಬ್ರ್ಯಾಂಡಿನ ಪರವಾಗಿ ಇನ್‌ಸ್ಪೆಕ್ಷನ್. ಬೆಳಗಾಗುವಷ್ಟರಲ್ಲಿ ನೀರಿನ ಹೊಸ ಕ್ಯಾನ್ ಬಂದಿತ್ತು, ಟಾಯ್ಲೆಟ್ ಟೋಕನ್‌ಗಳೆಲ್ಲ ಮಾಯವಾಗಿದ್ದವು. ರೇವತಿ ಕಾಯುತ್ತಿದ್ದ ದಿನ ಇದೇ. ಓವರ್‌ಟೈಮ್‌ಗೆ ಡಬಲ್ ಸಂಬಳ ಕಾನೂನು, ಟಾಯ್ಲೆಟ್‌ಗೆ ಕಳಿಸುವುದು ಯಾರ ದಯೆಯೂ ಅಲ್ಲ ಎಂದು ಮರ್ಫಿ ಟೌನ್‌ನಲ್ಲಿ ಕಾರ್ಮಿಕ ಸಂಘದ ಯಂಕಮ್ಮ ನಡೆಸುವ ಭಾನುವಾರದ ಕ್ಲಾಸಿನಲ್ಲಿ ಅವಳೂ ಈರೇಶನೂ ಒಂದೇ ಚಾಪೆಯ ಮೇಲೆ ಕೂತು ಕಲಿತಿದ್ದರು. ಪ್ರೀತಿ ಹುಟ್ಟಿದ್ದೂ ಅಲ್ಲೇ. ಇನ್‌ಸ್ಪೆಕ್ಷನ್‌ನವರು ಕೇಳಿದರೆ ನಿಜವನ್ನೇ ಹೇಳುತ್ತೇನೆಂದು ಅವಳು ಎಲ್ಲರೆದುರೂ ಸಾರಿದ್ದಳು.

ಮುಡಿಯ ಮಲ್ಲಿಗೆ ಸರಿಮಾಡಿಕೊಂಡು ಮೇಲೆ ಓಡಿದಳು. ಈರೇಶ ಇರಲಿಲ್ಲ. ಬಾಯಿ ಜೋರಿನ ಗುಲ್ಷನ್, ಜೊತೆಗೆ ಇನ್ನಿಬ್ಬರು ಹುಡುಗಿಯರು ಬಟ್ಟೆ ಮೂಟೆಗಳ ಮೇಲೆ ಕೂತಿದ್ದರು. ಹಿಂದೆ ಬಾಗಿಲು ಮುಚ್ಚಿತು, ಆಚೆಯಿಂದ ಚಿಲಕ ಬಿತ್ತು.

"ನಿಂಗೂ ಏನೋ ನೆಪ ಹೇಳಿದ್ರಾ?" ಎಂದಳು ಗುಲ್ಷನ್. "ಇನ್‌ಸ್ಪೆಕ್ಷನ್ ಮುಗಿಯೋವರ್ಗೂ ಬಾಯಿ ಬಿಡೋರ್ನೆಲ್ಲ ಇಲ್ಲೇ ಕೂಡಿಹಾಕೋದು ಕಣೇ."

ರೇವತಿಗೆ ಅಳು, ಸಿಟ್ಟು ಒಟ್ಟಿಗೇ ಉಕ್ಕಿತು. ಇಲಿಬೋನಿಗೆ ತೆಂಗಿನಚೂರು ಸಿಕ್ಕಿಸಿದ ಹಾಗೆ ಪ್ರೀತಿಯನ್ನೇ ಸಿಕ್ಕಿಸಿದನಲ್ಲ! ಎರಡೂ ಕೈಯಲ್ಲಿ ಬಾಗಿಲು ಬಡಿದಳು.

"ಬಡೀಬೇಡ ರೇವತಿ." ಆಚೆ ಈರೇಶನ ದನಿ. "ನೀನು ಮಾತಾಡಿದ್ರೆ ಇವತ್ತೇ ತೆಗೀತಾರಂತೆ. ಇನ್ನೆಲ್ಲೂ ಕೆಲ್ಸ ಸಿಗ್ದಂಗೆ ಮಾಡ್ತೀನಿ ಅಂದ್ರು ಮ್ಯಾನೇಜರ್ ಮುನಿರಾಜ್. ನಂಗೆ ಭಯ ಆಯ್ತು."

"ಹೋಗೋದು ನನ್ ಕೆಲ್ಸ. ಭಯಾನೂ ನಾನೇ ಪಡ್ತೀನಿ. ಚಿಲಕ ಹಾಕಕ್ಕೆ ನೀನ್ಯಾರು?"

"ನಿನ್ನ ಪ್ರೀತಿಸೋನು."

"ಹಂಗಾದ್ರೆ ತೆಗಿ."

ಮೋಟುಗೋಡೆಯಿಂದ ಬಗ್ಗಿ ನೋಡುತ್ತಿದ್ದ ಗುಲ್ಷನ್ ಚೀರಿದಳು, "ಅಯ್ಯೋ, ಇನ್‌ಸ್ಪೆಕ್ಷನ್‌ನವ್ರು ಕಾರ್ ಕಡೆ ಹೊರಟ್ರು!"

ಚಿಲಕ ಸರಿಯಿತು. ಈರೇಶನ ಕಣ್ಣು ಕೆಂಪಾಗಿತ್ತು. "ನಡಿ. ನಾನೂ ಬರ್ತೀನಿ."

ಮೆಟ್ಟಿಲು ಹಾರಿಕೊಂಡು ಇಳಿದರು. ಇನ್‌ಸ್ಪೆಕ್ಷನ್ ಮೇಡಂ ಕಾರಿನೊಳಗೆ ಒಂದು ಕಾಲಿಟ್ಟಾಗಿತ್ತು. ಮುನಿರಾಜ್ ಕೈಮುಗಿದು ನಗುತ್ತಿದ್ದ.

"ಮೇಡಂ," ಈರೇಶ ಏದುಸಿರಿನಲ್ಲೇ ಹೇಳಿದ, "ಇವ್ರನ್ನ ತಾರಸಿ ಮೇಲೆ ಕೂಡಿಹಾಕಿದ್ದು ನಾನೇ. ಇವ್ರ ಮಾತು ಕೇಳ್ದೆ ಹೋಗ್ಬೇಡಿ."

"ಲೇ, ನಾಳೆಯಿಂದ ಬರ್ಬೇಡ ನೀನು!" ಮುನಿರಾಜ್ ಹಲ್ಲು ಕಡಿದ. ಮೇಡಂ ಕಾರಿನಿಂದ ಕಾಲು ತೆಗೆದರು. "ಹೇಳಮ್ಮ," ಎಂದರು ರೇವತಿಗೆ.

ರೇವತಿ ಈರೇಶನತ್ತ ತಿರುಗಿದಳು. "ಮೊದ್ಲು ಮೇಡಂ ಹತ್ರ ಮಾತಾಡ್ತೀನಿ. ಆಮೇಲೆ ನಿನ್ ಹತ್ರ ಜಗಳ. ಮದ್ವೆ ಮಾತು ಜಗಳ ಮುಗಿದ್ಮೇಲೆ. ಗೇಟ್ ಹತ್ರ ಕಾಯ್ತಿರು."

"ಕಾಯ್ತೀನಿ," ಎಂದ ಈರೇಶ. "ನಂಗಿನ್ನೇನ್ ಕೆಲ್ಸ ಇದೆ?"

ಅಂಥ ಹೊತ್ತಿನಲ್ಲೂ ಅವಳಿಗೆ ನಗು ಬಂತು. ನಗುವನ್ನು ನುಂಗಿಕೊಂಡು, ಮೇಡಂ ಎದುರು ನಿಂತು ಮಾತು ಶುರುಮಾಡಿದಳು.